ಗಾಜಿನ ಮೇಲೆ ನಿಂತ ಸಿಲೇನ್ ಉಕ್ಕಿನ ಮೇಲೆ ಏಕೆ ನಿಲ್ಲಲಿಲ್ಲ?

ಪ್ರಶ್ನೆ: ನಾನು ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನನ್ನ ಪ್ರಯೋಗ ಸಿಲೇನ್ ಮೇಲೆ, ಅಂದರೆ ಒಂದು ಕಡೆ ಗಾಜು, ಲೋಹಗಳ ಮೇಲ್ಮೈಯನ್ನೂ ಇನ್ನೊಂದು ಕಡೆ ಅಂಟನ್ನೂ ಹಿಡಿದುಕೊಳ್ಳುವ, ಸಿಲಿಕಾನ್ ಇರುವ ಅಣುವಿನ ಮೇಲೆ. ಗಾಜು, ಅಲ್ಯೂಮಿನಿಯಂ ಮತ್ತು ಸಾಮಾನ್ಯ ಉಕ್ಕಿನ ಬಿಲ್ಲೆಗಳನ್ನು ಅಮೈನೋಪ್ರೊಪೈಲ್ ಟ್ರೈಎಥಾಕ್ಸಿಸಿಲೇನ್‌ನ 2% ನೀರಿನ ದ್ರಾವಣದಲ್ಲಿ ಅದ್ದಿ, ಕೋಣೆಯ ಉಷ್ಣತೆಯಲ್ಲಿ ಒಣಗಿಸಿ, ಮೇಲೆ ಎಪಾಕ್ಸಿ ಅಂಟು ಬಳಿದೆ. ಒಣಗಿದ್ದಾಗ ಮೂರರಲ್ಲೂ ಎಪಾಕ್ಸಿಯನ್ನು ಕೆರೆದರೂ ಬಿಡಲಿಲ್ಲ. ಆಮೇಲೆ 60 ಡಿಗ್ರಿ ಸೆಲ್ಸಿಯಸ್‌ನ ಉಪ್ಪುನೀರಿನಲ್ಲಿಟ್ಟೆ. ಉಕ್ಕಿನ ಮೇಲಿನ ಪದರ ಮೂರನೇ ದಿನ ಅಂಚಿನಿಂದ ಎದ್ದಿತು. ಅಲ್ಯೂಮಿನಿಯಂ ಎರಡು ವಾರ ತಾಳಿತು. ಗಾಜಿನದು ಇನ್ನೂ ಗಟ್ಟಿಯಾಗಿದೆ. ಸಿಲೇನ್ ಮೇಲ್ಮೈಯಲ್ಲಿರುವ ಆಕ್ಸೈಡಿನ ಜೊತೆ ಕೋವೇಲೆಂಟ್ ಬಂಧ ಕಟ್ಟುತ್ತದೆ ಎಂದು ಓದಿದ್ದೇನೆ. ಅಷ್ಟು ಬಲವಾದ ಬಂಧವನ್ನು ಬರೀ ನೀರು ಹೇಗೆ ಬಿಡಿಸಿತು? ಸಿಲೇನ್ ಪದರವನ್ನು ಇನ್ನಷ್ಟು ದಪ್ಪ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ, ಇಲ್ಲವಾದರೆ ನೀವು ಇದನ್ನು ಪೂರ್ತಿ ಓದುವ ಮೊದಲೇ ಇನ್ನೊಂದು ಸಲ ದ್ರಾವಣ ಕಲಸಿಬಿಡಬಹುದು. ದಪ್ಪ ಮಾಡಬೇಡಿ. ಪದರ ದಪ್ಪವಾದಷ್ಟೂ ಅದರಲ್ಲಿ ಲೋಹವನ್ನೂ ಮುಟ್ಟದ, ಎಪಾಕ್ಸಿಯನ್ನೂ ಮುಟ್ಟದ ಅಣುಗಳು ಹೆಚ್ಚುತ್ತವೆ. ಅವು ಒಂದಕ್ಕೊಂದು ಅರೆಬರೆ ಹೆಣೆದುಕೊಂಡು ನಡುವೆ ಮೆತ್ತಗೆ ಉಳಿಯುತ್ತವೆ. ನೀರು ಸೇರಿದಾಗ ಮೊದಲು ಉಬ್ಬುವುದು, ಮೊದಲು ಸೀಳುವುದು ಅದೇ ಜಾಗ. ನನ್ನ ಸಂಶೋಧನೆಯ ಆರಂಭದಲ್ಲಿ 10% ದ್ರಾವಣ ಬಳಸಿ, ಒಣಗಿದ ಮೇಲೆ ಬಿಳಿ ಪುಡಿಯಾಗಿ ಉದುರುತ್ತಿದ್ದ ಪದರವನ್ನು ತಿಂಗಳುಗಟ್ಟಲೆ ಅಳೆದಿದ್ದೇನೆ. ಆ ತಿಂಗಳುಗಳು ನಿಮಗೆ ಉಳಿಯಲಿ. ನಿಮ್ಮ 2% ದ್ರಾವಣವೇ ಲೋಹದ ಮೇಲೆ ನೂರು ನ್ಯಾನೋಮೀಟರ್‌ನ ಆಸುಪಾಸಿನ ಪದರ ಬಿಡಬಲ್ಲದು. ಒಂದು ಸಿಲೇನ್ ಅಣುವಿನ ಉದ್ದ ಒಂದು ನ್ಯಾನೋಮೀಟರ್‌ಗಿಂತ ಕಡಿಮೆ. ಅಂದರೆ ಈಗಾಗಲೇ ನೂರಕ್ಕೂ ಹೆಚ್ಚು ಅಣುಗಳ ಎತ್ತರದ ರಾಶಿ ಅಲ್ಲಿದೆ.

ಇನ್ನು ಬಂಧದ ಮಾತು. ನೀವು ಓದಿದ ಪುಸ್ತಕದಲ್ಲಿ ಬಹುಶಃ ಒಂದು ಚಿತ್ರವಿತ್ತು: ಸಿಲಿಕಾನ್ ಪರಮಾಣು ಮೂರು ಕಾಲೂರಿ ಆಕ್ಸೈಡಿನ ಮೇಲೆ ನಿಂತಿದೆ, ಪ್ರತಿ ಕಾಲೂ ಒಂದು ಸಿಲಿಕಾನ್–ಆಮ್ಲಜನಕ–ಲೋಹ ಬಂಧ, ಮೇಲೆ ಸಾವಯವ ಸರಪಳಿ, ಪಕ್ಕದಲ್ಲಿ ಅಂಥವೇ ಅಣುಗಳ ನೇರ ಸಾಲು. ನೆನಪಿಡಲು ಅನುಕೂಲವಾದ ಚಿತ್ರ, ಆದರೆ ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಪೂರ್ತಿ ಹೈಡ್ರಾಕ್ಸಿಲ್‌ನಿಂದ ತುಂಬಿದ ಸಿಲಿಕಾ ಮೇಲ್ಮೈಯಲ್ಲೇ ಒಂದು ಚದರ ನ್ಯಾನೋಮೀಟರ್‌ಗೆ ಸುಮಾರು 5 ಹೈಡ್ರಾಕ್ಸಿಲ್ (ಆಮ್ಲಜನಕ–ಹೈಡ್ರೋಜನ್) ಗುಂಪುಗಳಿರುತ್ತವೆ. ನೇರವಾಗಿ ನಿಂತ ಒಂದು ಇಂಗಾಲದ ಸರಪಳಿಗೆ ಬೇಕಾದ ಜಾಗ ಸುಮಾರು 0.2 ಚದರ ನ್ಯಾನೋಮೀಟರ್, ಅಂದರೆ ಅದೇ ಒಂದು ಚದರ ನ್ಯಾನೋಮೀಟರ್‌ನಲ್ಲಿ 5 ಅಣು. ಒತ್ತಾಗಿ ನಿಂತರೆ ಒಂದು ಅಣುವಿನ ಪಾಲಿಗೆ ಬರುವುದು ಹೆಚ್ಚೆಂದರೆ ಒಂದು ಹೈಡ್ರಾಕ್ಸಿಲ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ: ಮೂರು ಕಾಲಿಗೆ ನೆಲವೇ ಇಲ್ಲ. ಉಳಿದ ಎರಡು ಕಾಲು ಪಕ್ಕದ ಅಣುವಿನ ಕೈ ಹಿಡಿಯಬಹುದು, ಆದರೆ ಅಲ್ಲೂ ತೊಡಕಿದೆ. ಎರಡು ಸಿಲಿಕಾನ್‌ಗಳ ನಡುವೆ ಒಂದು ಆಮ್ಲಜನಕ ಕೂತರೆ ಅವುಗಳ ಅಂತರ ಸುಮಾರು 0.3 ನ್ಯಾನೋಮೀಟರ್. ಸರಪಳಿಗಳೋ 0.45 ನ್ಯಾನೋಮೀಟರ್‌ನಷ್ಟು ದೂರ ನಿಲ್ಲಬಯಸುತ್ತವೆ. ಹಾಗಾಗಿ ಕೆಲವು ಕಾಲು ಆಕ್ಸೈಡಿಗೆ, ಕೆಲವು ನೆರೆಯ ಅಣುವಿಗೆ, ಉಳಿದವು ಯಾರಿಗೂ ಅಂಟದ ಸಿಲನಾಲ್ (ಸಿಲಿಕಾನ್ ಹೊತ್ತ ಹೈಡ್ರಾಕ್ಸಿಲ್) ಆಗಿ ಗಾಳಿಯಲ್ಲಿ. ಜಾಕೋಬ್ ಸಾಗಿವ್ 1980ರಲ್ಲಿ ತೋರಿಸಿಕೊಟ್ಟ ಆಕ್ಟಾಡೆಸೈಲ್ ಟ್ರೈಕ್ಲೋರೋಸಿಲೇನ್‌ನ ಏಕಾಣು ಪದರ ಬಹಳ ಅಚ್ಚುಕಟ್ಟಾದದ್ದು, ಸುಮಾರು 2.5 ನ್ಯಾನೋಮೀಟರ್ ದಪ್ಪ, ಅದರ ಮೇಲೆ ನೀರಿನ ಹನಿ 110 ಡಿಗ್ರಿಯ ಸಂಪರ್ಕ ಕೋನದಲ್ಲಿ ಕೂರುತ್ತದೆ. ಅಂಥ ಪದರದಲ್ಲೂ ನೆಲಕ್ಕೆ ನೇರವಾಗಿ ಬಂಧಿತವಾದ ಅಣುಗಳ ಪಾಲು ಕಡಿಮೆ. ಪದರ ಒಟ್ಟಾಗಿ ನಿಂತಿರುವುದು ಹೆಚ್ಚಾಗಿ ಪಕ್ಕಪಕ್ಕದ ಹೆಣಿಗೆಯಿಂದ.

ಹಾಗಾದರೆ ಆಕ್ಸೈಡಿನ ಜೊತೆ ಬಂಧವೇ ಇಲ್ಲವೇ? ಇದೆ. 1977ರಲ್ಲಿ ಗೆಟಿಂಗ್ಸ್ ಮತ್ತು ಕಿನ್ಲಾಕ್ ಉಕ್ಕಿನ ಮೇಲಿನ ಸಿಲೇನ್ ಪದರಗಳನ್ನು ಅಯಾನುಗಳಿಂದ ಹೊಡೆದು, ಹಾರಿಬಂದ ಚೂರುಗಳನ್ನು ತೂಗಿದರು. ಎಪಾಕ್ಸಿಸಿಲೇನ್ (ಅಮೈನ್ ಬದಲು ಎಪಾಕ್ಸಿ ಗುಂಪಿರುವ ಸಿಲೇನ್) ಬಳಸಿದ ಉಕ್ಕಿನಿಂದ 100 ಅಣುತೂಕದ ಚೂರೊಂದು ಬಂತು: ಕಬ್ಬಿಣ 56, ಸಿಲಿಕಾನ್ 28, ಆಮ್ಲಜನಕ 16. ಮೂರೂ ಒಂದೇ ಚೂರಿನಲ್ಲಿ. ಅಂಟು ನೀರಿನಲ್ಲಿ ಬಾಳಿದ್ದೂ ಅದೇ ಸಿಲೇನ್ ಬಳಸಿದ ಮಾದರಿಗಳಲ್ಲೇ. ಅಲ್ಯೂಮಿನಿಯಂನಲ್ಲಿ ಅದೇ ಬಗೆಯ ಚೂರು 71 ತೂಕದಲ್ಲಿ ಸಿಗುತ್ತದೆ. ಈ ಅಳತೆ ನನಗೆ ಇಂದಿಗೂ ರೋಮಾಂಚನ ತರುತ್ತದೆ. ಕಣ್ಣಿಗೆ ಕಾಣದ ಒಂದು ಕೊಂಡಿಯನ್ನು ತಕ್ಕಡಿಯಲ್ಲಿಟ್ಟು ತೋರಿಸಿದಂತೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಸಿಲಿಕಾನ್–ಆಮ್ಲಜನಕ ಬಂಧವನ್ನು ಎಳೆದು ತುಂಡರಿಸಲು ಮೋಲ್‌ಗೆ ಸುಮಾರು 450 ಕಿಲೋಜೂಲ್ ಬೇಕು. ‘ಬಲವಾದ ಬಂಧ’ ಎನ್ನುವಾಗ ನಾವು ಹೇಳುವುದು ಈ ಸಂಖ್ಯೆಯನ್ನು. ನೀರು ಮಾತ್ರ ಎಳೆದು ತುಂಡರಿಸುವುದಿಲ್ಲ, ಅದಲುಬದಲು ಮಾಡುತ್ತದೆ. ಸಿಲಿಕಾನ್–ಆಮ್ಲಜನಕ–ಲೋಹದ ನಡುವೆ ಒಂದು ನೀರಿನ ಅಣು ತೂರಿದರೆ, ಒಂದು ಕಡೆ ಸಿಲನಾಲ್, ಇನ್ನೊಂದು ಕಡೆ ಲೋಹದ ಹೈಡ್ರಾಕ್ಸಿಲ್. ಮುರಿದ ಬಂಧದ ಜಾಗದಲ್ಲಿ ಅದೇ ಬಗೆಯ ಹೊಸ ಬಂಧ ಬಂತು. ಒಟ್ಟು ಶಕ್ತಿಯ ಲೆಕ್ಕದಲ್ಲಿ ಲಾಭನಷ್ಟ ಹೆಚ್ಚುಕಡಿಮೆ ಸೊನ್ನೆ. ಇದು ನೀವು ಲೇಪ ಹಾಕುವಾಗ ನಡೆದ ಕ್ರಿಯೆಯ ತಿರುಗುಮುರುಗು, ಅಷ್ಟೇ. ಅಂದು ಎಥಾಕ್ಸಿ ಗುಂಪುಗಳನ್ನು ನೀರು ಕಿತ್ತು, ಎಥನಾಲ್ ಹೊರಬಿದ್ದು, ಸಿಲನಾಲ್ ಆಯಿತು. ಸಿಲನಾಲ್‌ಗಳು ಆಕ್ಸೈಡಿನ ಹೈಡ್ರಾಕ್ಸಿಲ್‌ಗಳ ಮೇಲೆ ಹೈಡ್ರೋಜನ್ ಬಂಧದಿಂದ ಕೂತವು. ಆಮೇಲೆ ಎರಡರ ನಡುವಿನಿಂದ ನೀರು ಹೊರಟುಹೋದಾಗ ಮಾತ್ರ ಕೋವೇಲೆಂಟ್ ಬಂಧ. ನೀರು ಹೋದರೆ ಬಂಧ, ನೀರು ಬಂದರೆ ಬಿಡುಗಡೆ. ಡೌ ಕಾರ್ನಿಂಗ್‌ನಲ್ಲಿ ದಶಕಗಳ ಕಾಲ ಸಿಲೇನ್‌ಗಳ ಮೇಲೆ ದುಡಿದ ಎಡ್ವಿನ್ ಪ್ಲೂಡೆಮನ್ ಇದನ್ನೇ ಸ್ಪಷ್ಟವಾಗಿ ಹೇಳಿದ್ದರು: ಸಿಲೇನ್ ಆಕ್ಸೈಡನ್ನು ಮುಟ್ಟುವ ಗಡಿ ಒದ್ದೆಯಾದಾಗ ಅಲ್ಲಿ ಈ ಬಂಧಗಳು ಸದಾ ಬಿಚ್ಚುತ್ತ ಮತ್ತೆ ಕಟ್ಟಿಕೊಳ್ಳುತ್ತ ಇರುತ್ತವೆ. ಬಿಚ್ಚಿದ ಅಣು ಅಲ್ಲೇ ಇದ್ದರೆ ಮತ್ತೆ ಕಟ್ಟಿಕೊಳ್ಳುತ್ತದೆ, ದೂರ ಸರಿದರೆ ಆ ಜಾಗ ನೀರಿನದಾಗುತ್ತದೆ. ಹಾಗಾಗಿ ಲೇಪದ ಬಾಳಿಕೆ ಒಂದೊಂದು ಬಂಧದ ಬಲಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳ ಕೈಯಲ್ಲಿದೆ: ಅಲ್ಲಿ ಎಷ್ಟು ನೀರು ಸೇರುತ್ತದೆ, ಬಿಚ್ಚಿದ ಅಣುವನ್ನು ಸುತ್ತಲಿನ ಹೆಣಿಗೆ ಹಿಡಿದಿಡುತ್ತದೆಯೇ, ಮತ್ತು ಅದು ಮರಳಿ ಕಾಲೂರಲು ಕೆಳಗೆ ಅದೇ ಆಕ್ಸೈಡ್ ಉಳಿದಿದೆಯೇ.

ಎಪಾಕ್ಸಿ ನೀರನ್ನು ತಡೆಯುತ್ತದೆ ಎಂದು ನಂಬಬೇಡಿ. 100 ಮೈಕ್ರೋಮೀಟರ್ ದಪ್ಪದ ಪದರವನ್ನು ದಾಟಲು ನೀರಿಗೆ ಒಂದೆರಡು ದಿನ ಸಾಕು, 60 ಡಿಗ್ರಿಯಲ್ಲಿ ಇನ್ನೂ ಬೇಗ. ನಿಮ್ಮ ಮೂರೂ ಬಿಲ್ಲೆಗಳಿಗೆ ನೀರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಟ್ಟಿರುತ್ತದೆ. ಮುಟ್ಟಿದ ಮೇಲೆ ಏನಾಯಿತು ಎಂಬುದರಲ್ಲಿ ವ್ಯತ್ಯಾಸ.

ಗಾಜಿನ ಮೇಲೆ ಸಿಲೇನ್ ಕಟ್ಟಿದ ಕೊಂಡಿ ಸಿಲಿಕಾನ್–ಆಮ್ಲಜನಕ–ಸಿಲಿಕಾನ್, ಅಂದರೆ ಗಾಜು ತಾನೇ ಯಾವುದರಿಂದ ಆಗಿದೆಯೋ ಅದೇ. ಸಮತೋಲನ ಬಂಧದ ಕಡೆಗೆ ಚೆನ್ನಾಗಿ ವಾಲಿರುತ್ತದೆ, ನೆಲ ಕರಗುವುದಿಲ್ಲ, ವಿದ್ಯುತ್ ಹರಿಯುವುದಿಲ್ಲ. ಆದರೂ ಗಾಜು ಅಭೇದ್ಯವೆಂದು ತಿಳಿಯಬೇಡಿ. ದ್ರವ ಕ್ರೊಮ್ಯಾಟೊಗ್ರಫಿಯ ಸಿ18 ಕೊಳವೆಗಳನ್ನು (ಸಿಲೇನ್ ಕಟ್ಟಿದ ಸಿಲಿಕಾ ಕಣಗಳನ್ನು ತುಂಬಿದವು) ಬಳಸಿದ್ದರೆ, ಸಾಮಾನ್ಯ ಸಿಲಿಕಾ ಕೊಳವೆಗೆ ಪಿಎಚ್ 2ರಿಂದ 8ರ ಮಿತಿ ಇರುವುದು ಗೊತ್ತಿರುತ್ತದೆ. 2ಕ್ಕಿಂತ ಕೆಳಗೆ ಆಮ್ಲ ಸಿಲೇನ್‌ನ ಕೊಂಡಿ ಕತ್ತರಿಸುತ್ತದೆ. 8ರ ಮೇಲೆ ಕೊಂಡಿಗಿಂತ ಮೊದಲು ಅದರ ಕೆಳಗಿನ ಸಿಲಿಕಾವೇ ಕರಗತೊಡಗುತ್ತದೆ. ಎರಡನೆಯದನ್ನು ಗಮನಿಸಿ: ಮರ ಗಟ್ಟಿಯಿದ್ದೂ ಬುಡದ ಮಣ್ಣು ಕೊಚ್ಚಿಹೋದಂತೆ. ಸಿಲೇನ್ ಲೇಪಗಳ ಸೋಲಿನಲ್ಲಿ ಜನ ಅತಿ ಹೆಚ್ಚು ಮರೆಯುವ ಕಾರಣ ಇದೇ ಎಂದು ನನ್ನ ಅನುಭವ.

ಅಲ್ಯೂಮಿನಿಯಂನಲ್ಲಿ ನಡೆದದ್ದೂ ಬಹುಮಟ್ಟಿಗೆ ಇದೇ. ಅದರ ಆಕ್ಸೈಡಿಗೆ ಸಿಲೇನ್ ಒಳ್ಳೆಯ ಬಂಧ ಕಟ್ಟುತ್ತದೆ, ಹೈಡ್ರಾಕ್ಸಿಲ್‌ಗಳ ಕೊರತೆಯಿಲ್ಲ. ಆದರೆ ಬಿಸಿನೀರಿನಲ್ಲಿ ಆ ತೆಳು ಆಕ್ಸೈಡ್ ನೀರು ಕುಡಿದು ಬೋಮೈಟ್ ಬಗೆಯ ಹೈಡ್ರಾಕ್ಸೈಡ್ ಆಗಿ ಉಬ್ಬುತ್ತದೆ. ಹೊಸ ಪದರ ದಪ್ಪ, ಆದರೆ ಲೋಹಕ್ಕೆ ಅದರ ಹಿಡಿತ ಸಡಿಲ. ವಿಮಾನದ ಅಲ್ಯೂಮಿನಿಯಂ ಅಂಟುಗಳು ತೇವದಲ್ಲಿ ಬಿಡುವುದರ ಹಿಂದೆ ಇದೇ ಇದೆ ಎಂಬುದು ಚೆನ್ನಾಗಿ ಸಾಬೀತಾಗಿದೆ. ನಿಮ್ಮ ಬಿಲ್ಲೆಯಲ್ಲಿ ಎದ್ದ ಎಪಾಕ್ಸಿಯ ಒಳಮೈ ನೋಡಿ. ಅಲ್ಲಿ ಅಲ್ಯೂಮಿನಿಯಂ ಸಿಕ್ಕರೆ ಸಿಲೇನ್ ತನ್ನ ಕೆಲಸ ಮಾಡಿದೆ, ಕೈಕೊಟ್ಟದ್ದು ಆಕ್ಸೈಡ್.

ಇಲ್ಲಿ ನಿಮ್ಮನ್ನೊಂದು ಕೇಳಬೇಕು: ದ್ರಾವಣದ ಪಿಎಚ್ ಅಳೆದಿದ್ದಿರಾ? ಅಮೈನೋಸಿಲೇನ್ ನೀರಿಗೆ ಬಿದ್ದ ಕೂಡಲೇ ಪಿಎಚ್ 10ರ ಮೇಲಕ್ಕೆ ಹೋಗುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ನೆಮ್ಮದಿಯಾಗಿರುವುದು ಸರಿಸುಮಾರು 4ರಿಂದ 9ರವರೆಗೆ. ಹಾಗಾದರೆ ಅದ್ದಿದ ಗಳಿಗೆಯಿಂದಲೇ ನೀವು ನೆಲವನ್ನು ಕರಗಿಸುತ್ತ ಮನೆ ಕಟ್ಟಿದ್ದೀರಿ. ಇನ್ನೊಂದು ತೊಂದರೆಯೂ ಇದೆ. ಸಿಲೇನ್ ಅಣುವಿನ ಇನ್ನೊಂದು ತುದಿಯ, ನೈಟ್ರೋಜನ್ ಇರುವ ಅಮೈನ್ ಗುಂಪು ತಾನೇ ಮೇಲ್ಮೈಗೆ ಅಂಟುವ ಸ್ವಭಾವದ್ದು. ಆಕ್ಸೈಡಿನ ಹೈಡ್ರಾಕ್ಸಿಲ್‌ನಿಂದ ಪ್ರೋಟಾನ್ ಪಡೆದು, ಇಲ್ಲವೇ ಹೈಡ್ರೋಜನ್ ಬಂಧದಿಂದ, ಅಣು ತಲೆಕೆಳಗಾಗಿ ಕೂತುಬಿಡುತ್ತದೆ: ಅಮೈನ್ ಕೆಳಗೆ, ಸಿಲನಾಲ್ ಮೇಲೆ. ಎಪಾಕ್ಸಿಯ ಕೈ ಹಿಡಿಯಬೇಕಿದ್ದ ಅಮೈನ್ ನೆಲ ಹಿಡಿಯಿತು. ಮೇಲ್ಮೈಯ ಪರಮಾಣುಗಳು ಯಾವುವು, ಯಾವ ಸ್ಥಿತಿಯಲ್ಲಿವೆ ಎಂದು ತೋರಿಸುವ ಎಕ್ಸ್-ಕಿರಣ ದ್ಯುತಿಎಲೆಕ್ಟ್ರಾನ್ ರೋಹಿತದಲ್ಲಿ ಇದು ಕಾಣುತ್ತದೆ. ಬಿಡಿ ಅಮೈನ್‌ನ ನೈಟ್ರೋಜನ್ ಶಿಖರ 399.5 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು, ಪ್ರೋಟಾನ್ ಹೊತ್ತದ್ದು 401ರ ಮೇಲೆ. ತೆರೆದಿಟ್ಟ ಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬೈಕಾರ್ಬೊನೇಟ್ ಲವಣವಾದರೂ ಅದೇ 401 ಕಾಣಿಸೀತು, ಆದ್ದರಿಂದ ಮಾದರಿಯನ್ನು ಹಳಸಲು ಬಿಡದೆ ಅಳೆಯಿರಿ.

ಅಮೈನೋಪ್ರೊಪೈಲ್ ಸಿಲೇನ್‌ಗೆ ಇನ್ನೂ ಒಂದು ಒಳಶತ್ರು ಇದೆ. ಅದರ ಪ್ರೊಪೈಲ್ ಸರಪಳಿ ಬಾಗಿದಾಗ ಅಮೈನ್ ತನ್ನದೇ ಸಿಲಿಕಾನ್‌ನ ಹತ್ತಿರ ಬಂದು, ಐದು ಪರಮಾಣುಗಳ ಉಂಗುರದಂಥ ಭಂಗಿಯಲ್ಲಿ, ನೀರು ಕೊಂಡಿ ಕತ್ತರಿಸುವುದಕ್ಕೆ ನೆರವಾಗುತ್ತದೆ. ಬಂಧ ಕಟ್ಟುವಾಗ ಕ್ರಿಯಾವರ್ಧಕವಾಗಿದ್ದ ಗುಂಪೇ ಬಿಚ್ಚುವಾಗಲೂ ಕ್ರಿಯಾವರ್ಧಕ. 40 ಡಿಗ್ರಿಯ ನೀರಿನಲ್ಲಿ ಒಂದೆರಡು ದಿನ ಬಿಟ್ಟರೆ, ಮೇಲೆ ಏನೂ ಬಳಿಯದ ಅಮೈನೋಪ್ರೊಪೈಲ್ ಪದರ ಗಾಜಿನಿಂದಲೂ ಗಣನೀಯವಾಗಿ ತೊಳೆದುಹೋಗುತ್ತದೆ. ನಿಮ್ಮ ಗಾಜು ತಾಳಿರುವುದು ಆ ಅಮೈನ್‌ಗಳನ್ನು ಎಪಾಕ್ಸಿ ಬಳಸಿಕೊಂಡು ಕಟ್ಟಿಹಾಕಿರುವುದರಿಂದ. ಅಮೈನ್ ಸಿಲಿಕಾನ್‌ನ ಕಡೆಗೆ ಬಾಗಲಾರದಂತೆ ಸರಪಳಿಯ ಉದ್ದ ಬದಲಿಸಿದ ಸಿಲೇನ್‌ಗಳು ನೀರಿನಲ್ಲಿ ಹೆಚ್ಚು ಬಾಳುತ್ತವೆ.

ಉಕ್ಕಿನ ಕಥೆ ಬೇರೆ, ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಸಿಲಿಕಾನ್–ಆಮ್ಲಜನಕ–ಕಬ್ಬಿಣ ಕೊಂಡಿ ನೀರಿಗೆ ಅಲ್ಯೂಮಿನಿಯಂನ ಕೊಂಡಿಗಿಂತ ಬೇಗ ಸೋಲುತ್ತದೆ, ಇದು ನಿಜ. ಆದರೆ ಮೂರೇ ದಿನದಲ್ಲಿ ಅಂಚಿನಿಂದ ಏಳುವುದಕ್ಕೆ ಇದೊಂದೇ ಕಾರಣವಾಗಲಾರದು. ಅಲ್ಯೂಮಿನಿಯಂ ಆಕ್ಸೈಡ್ ವಿದ್ಯುತ್ ನಿರೋಧಕ. ಕಬ್ಬಿಣದ ಆಕ್ಸೈಡ್ ಎಲೆಕ್ಟ್ರಾನ್‌ಗಳನ್ನು ದಾಟಿಸುತ್ತದೆ. ಅಂಚಿನಲ್ಲೋ ಗೀರಿನಲ್ಲೋ ಕಬ್ಬಿಣ ಕರಗುತ್ತ ಎಲೆಕ್ಟ್ರಾನ್ ಬಿಡುತ್ತದೆ. ಅವು ಲೋಹದೊಳಗೆ ಹರಿದು ಎಪಾಕ್ಸಿಯ ಅಡಿಗೆ ಬರುತ್ತವೆ. ಅಲ್ಲಿ ಎಪಾಕ್ಸಿಯ ಮೂಲಕ ಸೋರಿಬಂದ ಆಮ್ಲಜನಕ ಮತ್ತು ನೀರು ಆ ಎಲೆಕ್ಟ್ರಾನ್‌ಗಳನ್ನು ಪಡೆದು ಹೈಡ್ರಾಕ್ಸೈಡ್ ಅಯಾನುಗಳಾಗುತ್ತವೆ. ವಿದ್ಯುದಂಶದ ಲೆಕ್ಕ ಸರಿಹೋಗಲು ಉಪ್ಪುನೀರಿನ ಸೋಡಿಯಂ ಅಯಾನುಗಳು ಅಂಚಿನಿಂದ ಒಳಗೆ ನುಗ್ಗುತ್ತವೆ. ನೋಡಿ, ಪದರದ ಅಡಿಯಲ್ಲೇ ಸೋಡಿಯಂ ಹೈಡ್ರಾಕ್ಸೈಡ್ ತಯಾರಾಯಿತು! ಆ ಸಂದಿನಲ್ಲಿ ಪಿಎಚ್ 12ನ್ನೂ ದಾಟಬಲ್ಲದು. ಹೊರಗಿನ ನಿಮ್ಮ ಪಾತ್ರೆಯಲ್ಲಿ ಅದು 7ರ ಆಸುಪಾಸೇ ಇರುತ್ತದೆ. ಹೈಡ್ರಾಕ್ಸೈಡ್ ನೇರವಾಗಿ ಸಿಲಿಕಾನ್ ಮೇಲೆ ಎರಗುತ್ತದೆ, ಕಬ್ಬಿಣದ ಕಡೆಯ ಕೊಂಡಿಯನ್ನೂ ಪಕ್ಕಪಕ್ಕದ ಸಿಲಾಕ್ಸೇನ್ (ಸಿಲಿಕಾನ್–ಆಮ್ಲಜನಕ–ಸಿಲಿಕಾನ್) ಹೆಣಿಗೆಯನ್ನೂ ಒಟ್ಟಿಗೇ ಕತ್ತರಿಸುತ್ತದೆ. ಬಿಚ್ಚಿದ ಅಣು ಮರಳಿ ಕಾಲೂರುವ ಅವಕಾಶವೇ ಇಲ್ಲ. ಇದನ್ನು ಕ್ಯಾಥೋಡಿಕ್ ಡಿಲ್ಯಾಮಿನೇಶನ್ ಎನ್ನುತ್ತಾರೆ. ನಿಮ್ಮ ಪದರ ನಡುವಿನಲ್ಲಿ ಗುಳ್ಳೆಯಾಗದೆ ಅಂಚಿನಿಂದ ಎದ್ದದ್ದು ಇದರ ಗುರುತು. ಎದ್ದ ಭಾಗದ ಕೆಳಗೆ ಲೋಹ ತುಕ್ಕಿಲ್ಲದೆ ಹೊಳೆಯುತ್ತಿದ್ದರೆ ಗುರುತು ಇನ್ನೂ ಗಟ್ಟಿ, ಏಕೆಂದರೆ ತುಕ್ಕು ಹಿಡಿಯುವುದು ಅಂಚಿನ ಆನೋಡ್‌ನಲ್ಲಿ, ಏಳುವುದು ಒಳಗಿನ ಕ್ಯಾಥೋಡ್‌ನಲ್ಲಿ.

ಬೆಳಕು ಮತ್ತು ಒಣ ಬಿಸಿ ನಿಮ್ಮ ಪ್ರಯೋಗದಲ್ಲಿಲ್ಲ, ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಒಣ ಬಿಸಿಯಲ್ಲಿ ಮೊದಲು ಹೋಗುವುದು ಸಾವಯವ ಸರಪಳಿ, ಸಿಲಾಕ್ಸೇನ್ ಉಳಿಯುತ್ತದೆ. ಟೈಟಾನಿಯಂ ಡೈಆಕ್ಸೈಡ್ ಮೇಲೆ ಸಿಲೇನ್ ಹಾಕಿ ಬಿಸಿಲಿಗಿಟ್ಟರೆ, ಅತಿನೇರಳೆ ಬೆಳಕು ಹೀರಿದ ಆಕ್ಸೈಡೇ ಸರಪಳಿಯನ್ನು ಸುಡುತ್ತದೆ. ಕೊನೆಗೆ ಉಳಿಯುವುದು ಸಿಲಿಕಾದ ತೆಳು ಪೊರೆ, ನೀರನ್ನು ಒಲ್ಲದ ಗುಣ ಮಾತ್ರ ಮಾಯ. ಅಲ್ಲಿ ಸಿಲಿಕಾನ್ ಎಷ್ಟಿದೆ ಎಂದಷ್ಟೇ ಅಳೆದರೆ ಲೇಪ ಕ್ಷೇಮವಾಗಿದೆ ಎಂದು ತಪ್ಪು ತಿಳಿಯುತ್ತೀರಿ.

ಈಗ ಏನು ಮಾಡಬಹುದು? ಮೊದಲನೆಯದು ಶುಚಿ. ಉಕ್ಕಿನ ಮೇಲೆ ಎಣ್ಣೆಯ ಪಸೆ ಒಂದು ಅಣುವಿನ ದಪ್ಪ ಉಳಿದರೂ ಸಿಲೇನ್ ಎಣ್ಣೆಯ ಮೇಲೆ ಕೂರುತ್ತದೆ. ತೊಳೆದ ಬಿಲ್ಲೆಯ ಮೇಲೆ ನೀರು ಎಲ್ಲೂ ಒಡೆಯದೆ ಒಂದೇ ಹಾಳೆಯಂತೆ ನಿಂತರೆ ಶುಚಿಯಾಗಿದೆ. ಎರಡನೆಯದು ನೀವು ಬಿಟ್ಟ ಹಂತ: ಬಿಸಿ. ಕೋಣೆಯ ಉಷ್ಣತೆಯಲ್ಲಿ ಒಣಗಿದ ಪದರದಲ್ಲಿ ಹೆಚ್ಚಿನ ಅಣುಗಳು ಇನ್ನೂ ಹೈಡ್ರೋಜನ್ ಬಂಧದಲ್ಲೇ ಇರುತ್ತವೆ. ಎಪಾಕ್ಸಿ ಬಳಿಯುವ ಮೊದಲು 110 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ನೀರು ಹೊರಟು ಸಮತೋಲನ ಬಂಧದ ಕಡೆಗೆ ವಾಲುತ್ತದೆ. ತುಂಬ ಹೊತ್ತು ಬೇಯಿಸಬೇಡಿ, ಪೂರ್ತಿ ಹೆಣೆದುಕೊಂಡ ಪದರದೊಳಕ್ಕೆ ಎಪಾಕ್ಸಿ ಇಳಿಯಲಾರದು, ಅಮೈನ್‌ಗಳೂ ಹಳದಿಗಟ್ಟುತ್ತವೆ.

ಸಿಲೇನ್ ಬದಲಿಸುವ ಸ್ವಾತಂತ್ರ್ಯ ನಿಮಗಿದ್ದರೆ, ಎಪಾಕ್ಸಿಸಿಲೇನ್‌ನ 1% ದ್ರಾವಣವನ್ನು ಅಸಿಟಿಕ್ ಆಮ್ಲದಿಂದ ಪಿಎಚ್ 5ರ ಹತ್ತಿರ ತಂದು ಒಂದು ಗಂಟೆ ಕಲಕಿ ಬಳಸಿ. ಆ ಪಿಎಚ್ ಆಯ್ಕೆಗೆ ಕಾರಣವಿದೆ: ಎಥಾಕ್ಸಿ, ಮೆಥಾಕ್ಸಿಗಳನ್ನು ನೀರು ಕೀಳುವ ವೇಗ 7ರ ಬಳಿ ಅತಿ ಕಡಿಮೆ, ಸಿಲನಾಲ್‌ಗಳು ತಮ್ಮತಮ್ಮಲ್ಲೇ ಕೂಡಿಕೊಂಡು ಗಂಟಾಗುವ ವೇಗ 4ರ ಬಳಿ ಅತಿ ಕಡಿಮೆ. 4ರಿಂದ 5ರ ನಡುವೆ ಸಿಲನಾಲ್ ಬೇಗ ಹುಟ್ಟುತ್ತದೆ, ನಿಧಾನವಾಗಿ ಕೆಡುತ್ತದೆ. ಆಸ್ಟ್ರೇಲಿಯಾದ ರಕ್ಷಣಾ ಸಂಶೋಧಕರು ವಿಮಾನದ ಅಲ್ಯೂಮಿನಿಯಂಗೆ ತೇಪೆ ಅಂಟಿಸುವಾಗ ಅಲ್ಯೂಮಿನಾ ಪುಡಿ ಸಿಡಿಸಿ ಮೇಲ್ಮೈ ಒರಟು ಮಾಡಿ ಬಳಸಿದ್ದು ಎಪಾಕ್ಸಿಸಿಲೇನ್‌ನ ಇಂಥದೇ 1% ನೀರಿನ ದ್ರಾವಣ. ಬೋಯಿಂಗ್ ಅದೇ ಸಿಲೇನ್‌ಗೆ ಜಿರ್ಕೋನಿಯಂ ಆಲ್ಕಾಕ್ಸೈಡ್ ಸೇರಿಸಿ ಸೋಲ್-ಜೆಲ್ (ದ್ರಾವಣದಿಂದ ಜೆಲ್ ಆಗಿ ಗಟ್ಟಿಯಾಗುವ) ಲೇಪ ರೂಪಿಸಿತು.

ಉಕ್ಕಿಗೆ ಮಾತ್ರ ಒಂದು ಸಿಲೇನ್ ಸಾಲದು ಎಂಬುದು ನನ್ನ ಅಭಿಪ್ರಾಯ. ಎರಡು ತುದಿಯಲ್ಲೂ ಸಿಲಿಕಾನ್ ಇರುವ ಬಿಸ್‌ಸಿಲೇನ್ ಬಳಸಿದರೆ ಅಣುವಿಗೆ ಮೂರರ ಬದಲು ಆರು ಕೊಂಡಿಗಳ ಅವಕಾಶ. ಒಂದು ಬಿಚ್ಚಿದರೂ ಉಳಿದವು ಅಣುವನ್ನು ಜಾಗದಲ್ಲೇ ಹಿಡಿದಿರುತ್ತವೆ. ಸಿನ್ಸಿನಾಟಿ ವಿಶ್ವವಿದ್ಯಾಲಯದ ವಿಮ್ ವಾನ್ ಓಯ್ ತಂಡ ತುಕ್ಕು ತಡೆಯಲು ಬಳಸುವ ಕ್ರೋಮೇಟ್‌ಗೆ ಬದಲಿಯಾಗಿ ಲೋಹಗಳ ಮೇಲೆ ಇವನ್ನು ವಿಸ್ತಾರವಾಗಿ ಅಭ್ಯಾಸ ಮಾಡಿದೆ. ಮೊದಲು ಬಿಸ್‌ಸಿಲೇನ್, ಅದರ ಮೇಲೆ ನಿಮ್ಮ ಅಮೈನೋಸಿಲೇನ್ ಹಾಕಿದರೆ ಅಮೈನ್ ನೆಲ ಹಿಡಿಯುವ ತೊಂದರೆಯೂ ಕಡಿಮೆಯಾಗುತ್ತದೆ. ಟೈಟಾನಿಯಂ, ಜಿರ್ಕೋನಿಯಂಗಳ ಆಕ್ಸೈಡುಗಳ ಮೇಲೆ ಕೆಲಸ ಮಾಡುವ ದಿನ ಬಂದರೆ ಫಾಸ್ಫೋನಿಕ್ ಆಮ್ಲಗಳನ್ನು ಮೊದಲು ಯೋಚಿಸಿ. ಅಲ್ಲಿ ಅವುಗಳ ಕೊಂಡಿ ನೀರಿಗೆ ಸಿಲೇನ್‌ಗಿಂತ ಹೆಚ್ಚು ತಾಳುತ್ತದೆ.

ಇದನ್ನೆಲ್ಲ ಮಾಡುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ಹಳೆಯ ವಿಧಾನದಲ್ಲೇ ನಾಲ್ಕು ಉಕ್ಕಿನ ಬಿಲ್ಲೆ ತಯಾರಿಸಿ, ಎಪಾಕ್ಸಿಯಲ್ಲಿ ಒಂದೊಂದು ಗೀರು ಹಾಕಿ. ಒಂದನ್ನು ಬಟ್ಟಿ ಇಳಿಸಿದ ನೀರಿನಲ್ಲಿ, ಉಳಿದವನ್ನು ಸಮಾನ ಮೋಲಾರ್ ಸಾಂದ್ರತೆಯ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಕ್ಲೋರೈಡ್‌ಗಳಲ್ಲಿ, ಎಲ್ಲವನ್ನೂ 60 ಡಿಗ್ರಿಯಲ್ಲಿಡಿ. ನೀರು ಕೊಂಡಿ ಕತ್ತರಿಸುವುದಷ್ಟೇ ಕಾರಣವಾಗಿದ್ದರೆ ನಾಲ್ಕರಲ್ಲೂ ಹೆಚ್ಚು ವ್ಯತ್ಯಾಸ ಕಾಣದು. ಕ್ಯಾಥೋಡ್‌ನ ಕ್ಷಾರ ಕಾರಣವಾಗಿದ್ದರೆ ಗೀರಿನಿಂದ ಪದರ ಏಳುವ ವೇಗ ಅಯಾನುಗಳ ಓಟದ ವೇಗವನ್ನು ಅನುಸರಿಸುತ್ತದೆ: ಪೊಟ್ಯಾಸಿಯಂ ಮುಂದೆ, ಸೋಡಿಯಂ ನಡುವೆ, ಲಿಥಿಯಂ ಹಿಂದೆ, ಬಟ್ಟಿ ನೀರಿನದು ಎಲ್ಲಕ್ಕಿಂತ ನಿಧಾನ. ಎದ್ದ ಅಂಚನ್ನು ದಿನಕ್ಕೊಮ್ಮೆ ಅಳೆದು ಬರೆದಿಡಿ. ಎದ್ದ ಎಪಾಕ್ಸಿಯ ಒಳಮೈ, ಕೆಳಗಿನ ಉಕ್ಕು ಎರಡನ್ನೂ ಎಕ್ಸ್-ಕಿರಣ ರೋಹಿತಕ್ಕೆ ಕೊಡಿ, ಒಂದನ್ನು ಮಾತ್ರ ಕೊಡಬೇಡಿ. ಸಿಲಿಕಾನ್ ಯಾವ ಕಡೆ ಉಳಿದಿದೆ, ನೈಟ್ರೋಜನ್ ಯಾವ ಕಡೆ, ಕಬ್ಬಿಣ ಯಾವ ಕಡೆ ಎಂಬುದು ಗೊತ್ತಾದಾಗ ಬದಲಿಸಬೇಕಾದದ್ದು ಸಿಲೇನೋ, ಪಿಎಚ್ಚೋ, ಉಕ್ಕಿನ ಮೇಲ್ಮೈಯೋ ಎಂದು ಬಿಲ್ಲೆಯೇ ಹೇಳುತ್ತದೆ. ಆ ಅಂಕಿಗಳನ್ನು ಕಳಿಸಿ, ಜೊತೆಗೆ ಕೂತು ನೋಡೋಣ.